ಮಂಡಿಯ ಒಂದೇ ಪಕ್ಕ ನೋವಾ? ಎಣ್ಣೆ ಹಚ್ಚೋ ಮುಂಚೆ ಕಾಲು ನೆಟ್ಟಗಿದೆಯಾ ನೋಡಿ

ಶಾಗ್ಯ (ಹನೂರು ತಾ.): ಶಿವರಾತ್ರಿ ಬಂತು ಅಂದ್ರೆ ಕಾವೇರಿ ದಾಟಿ ಬರೋ ಭಕ್ತರು ನಮ್ಮೂರ ಮೇಲೆ ಮಾದಪ್ಪನ ಬೆಟ್ಟಕ್ಕೆ ನಡೀತಾರೆ. ವಾಪಸ್ ಬಂದ ಮೇಲೆ ಕೆಲವರ ಕಾಲುನೋವು ಎರಡೇ ದಿನಕ್ಕೆ ಇಳಿಯುತ್ತೆ. ಇನ್ನು ಕೆಲವರಿಗೆ ತಿಂಗಳಾದ್ರೂ ಮಂಡಿಯ ಒಂದೇ ಪಕ್ಕ ಹಿಡ್ಕೊಂಡಿರುತ್ತೆ. ದಿನವಿಡೀ ಅಂಗಡಿಯಲ್ಲಿ ನಿಲ್ಲೋರಿಗೂ ಇದೇ ಕಾಟ. ಇದಕ್ಕೆ ಒಂದು ಕಾರಣ, ಕಾಲಿನ ಮೂಳೆಗಳು ನೇರ ತಪ್ಪಿರುವುದು.

ಸೊಂಟದ ಕೀಲಿನಿಂದ ಪಾದದ ಕೀಲಿಗೆ ದಾರ ಹಿಡಿದ್ರೆ ಅದು ಮಂಡಿಯ ನಡುವೆ ಹಾದು ಹೋಗಬೇಕು. ಅಲ್ಲಿ ಮೂಳೆಗೆ ಮೂಳೆ ಕಟ್ಟಿ ಹಿಡಿಯೋ ಗಟ್ಟಿ ಪಟ್ಟಿಗಳೇ ಲಿಗಮೆಂಟ್. ಮುಖ್ಯವಾದವು 4: ಎರಡು ಅಕ್ಕಪಕ್ಕ, ಎರಡು ಒಳಗೆ ಕತ್ತರಿಯಂತೆ.

ಜಾತ್ರೆ ಪೆಂಡಾಲಿನ ಕಂಬ ವಾಲಿದ್ರೆ ಏನಾಗುತ್ತೆ? ಒಂದು ಕಡೆ ಹಗ್ಗ ಬಿಗಿ, ಇನ್ನೊಂದು ಕಡೆ ಸಡಿಲ. ಮಂಡಿಯಲ್ಲೂ ಅಷ್ಟೇ. ಬಿಲ್ಲಿನಂತೆ ಹೊರಗೆ ಬಾಗಿದ ಕಾಲಲ್ಲಿ ಭಾರವೆಲ್ಲ ಒಳಪಕ್ಕಕ್ಕೆ ಬಿದ್ದು ಮೃದ್ವಸ್ಥಿ ಸವೆಯುತ್ತೆ, ಹೊರಗಿನ ಲಿಗಮೆಂಟ್ ಎಳೆಯುತ್ತೆ. ಮಂಡಿ ಒಂದಕ್ಕೊಂದು ತಾಗೋ ಕಾಲಲ್ಲಿ ಇದು ಉಲ್ಟಾ. ಎಳೆದೆಳೆದು ಪಟ್ಟಿ ಸಡಿಲಾದ್ರೆ ಕಾಲು ಇನ್ನಷ್ಟು ವಾಲುತ್ತೆ, ವಾಲಿದಷ್ಟೂ ಸವೆತ ಜಾಸ್ತಿ. ಬೆಟ್ಟ ಇಳಿಯುವಾಗ ಮಂಡಿ ಮೇಲೆ ಭಾರ ಹೆಚ್ಚೋದ್ರಿಂದ ನೋವು ಆಗಲೇ ಎದ್ದು ಕಾಣೋದು.

ಮನೆಯಲ್ಲೇ ನೋಡ್ಕೊಳ್ಳಿ: ಕನ್ನಡಿ ಮುಂದೆ ಎರಡೂ ಪಾದ ಜೋಡಿಸಿ ನಿಲ್ಲಿ. ಮಂಡಿಗಳ ಮಧ್ಯೆ ದೊಡ್ಡ ಸಂದು ಇದ್ರೆ ಬಿಲ್ಲುಗಾಲು. ಮಂಡಿ ತಾಗಿ ಪಾದಗಳೇ ಕೂಡದಿದ್ರೆ ಎರಡನೇ ಥರ. ಚಿಕ್ಕ ಮಕ್ಕಳಿಗೆ ಗಾಬರಿ ಬೇಡ. 2 ವರ್ಷದವರೆಗೆ ಬಿಲ್ಲುಗಾಲು, 3-4 ವರ್ಷಕ್ಕೆ ಮಂಡಿ ತಾಗೋದು ಸಹಜ, ಸಾಮಾನ್ಯವಾಗಿ 7ರ ಹೊತ್ತಿಗೆ ಸರಿಹೋಗುತ್ತೆ. ಆದ್ರೆ ಒಂದೇ ಕಾಲು ಬಾಗಿದ್ರೆ, ಬಾಗು ಹೆಚ್ಚುತ್ತಾ ಹೋದ್ರೆ ತೋರಿಸಲೇಬೇಕು. ವಿಟಮಿನ್ ಡಿ ಕೊರತೆಯೂ ಕಾರಣ ಇರಬಹುದು.

ದೊಡ್ಡವರಿಗೆ ಮಂಡಿ ಊದಿದ್ರೆ, ನಡೆಯುವಾಗ ಕುಸಿದಂತಾದ್ರೆ, ಮಡಚಲಾಗದೆ ಸಿಕ್ಕಿಕೊಂಡ್ರೆ ಎಳೆಸಿ ನೀವಿಸಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ನಿಂತುಕೊಂಡೇ ಎಕ್ಸ್‌ರೇ ತೆಗೆಯೋಕಾಗುತ್ತಾ ಕೇಳಿ, ಮಲಗಿಸಿ ತೆಗೆದ್ರೆ ವಾಲು ಪೂರ್ತಿ ಕಾಣಲ್ಲ.

ಎಣ್ಣೆ, ಮುಲಾಮು ನೋವು ತಗ್ಗಿಸಬಹುದು, ಮೂಳೆ ನೇರ ಮಾಡಲ್ಲ. ಮೈತೂಕ ಇಳಿಸೋದು, ಕುರ್ಚಿಯಲ್ಲಿ ಕೂತು ಕಾಲು ಚಾಚಿ 5 ಸೆಕೆಂಡ್ ಹಿಡಿದು ತೊಡೆ ಬಲ ಮಾಡ್ಕೊಳ್ಳೋದು ಮಂಡಿಗೆ ಆಸರೆ. ಬೆಟ್ಟ ಇಳಿಯುವಾಗ ಕೋಲು ನೋವಿಲ್ಲದ ಕಾಲಿನ ಕಡೆ ಕೈಯಲ್ಲಿರಲಿ. ಮುಂದಿನ ವರ್ಷವೂ ಮಾದಪ್ಪನ ಹತ್ರ ನಡೆದೇ ಹೋಗಬೇಕಲ್ವಾ?