ಐದು ವರ್ಷದ ಪ್ರಾಯ, ಸಾವಿರ ವರ್ಷದ ಹೊಗೆ

ವಿಸ್ಕಿಯ ಲೋಕದಲ್ಲಿ ಮುಪ್ಪಿಗೆ ಸಲ್ಲುವ ಮರ್ಯಾದೆ ಮನುಷ್ಯರ ಲೋಕದಲ್ಲಿ ಎಂದೂ ಸಂದಿಲ್ಲ. ಹನ್ನೆರಡು ವರ್ಷದ್ದೆಂದರೆ ರಸಿಕರು ತಲೆದೂಗುತ್ತಾರೆ. ಇಪ್ಪತ್ತೈದು ವರ್ಷದ್ದೆಂದರೆ ದನಿ ತಗ್ಗಿಸುತ್ತಾರೆ. ಬೆಲೆ ಕೇಳಿದ ಮೇಲೆ ಮಾತೇ ನಿಂತುಹೋಗುತ್ತದೆ. ಇಂಥ ಹಿರಿಯರ ಸಭೆಗೆ 2020ರಲ್ಲಿ ಐದೇ ವರ್ಷದ ಪೋರನೊಬ್ಬ ನುಗ್ಗಿದನು. ಸ್ಕಾಟ್ಲೆಂಡಿನ ಐಲಾ ದ್ವೀಪದ ಆರ್ಡ್‌ಬೆಗ್ ಭಟ್ಟಿಯವರು ಅವನಿಗಿಟ್ಟ ಹೆಸರು ‘ವೀ ಬೀಸ್ಟಿ’, ಎಂದರೆ ಪುಟ್ಟ ಮೃಗ. ಅದೇ ಭಟ್ಟಿಯ ಹತ್ತು ವರ್ಷದ ಅಣ್ಣನಿಗಿಂತ ಇವನ ಬೆಲೆ ಕಡಿಮೆ. ನನ್ನಂಥವನ ಕೈಗೆಟುಕಿದ್ದು ಆ ಕಾರಣದಿಂದಲೇ. (ಕುಡಿತದ ಸಮರ್ಥನೆಗೆ ನಾನು ಹೊರಟಿಲ್ಲ; ಒಂದು ಔನ್ಸಿನ ಮಾತಿದು, ಒಂದು ಸೇರಿನದಲ್ಲ.)

ಮರ ವಿರಳವಾದ ಐಲಾದಲ್ಲಿ ಹಿಂದಿನಿಂದಲೂ ಉರುವಲೆಂದರೆ ಪೀಟ್. ಜವುಗು ನೆಲದಲ್ಲಿ ಪಾಚಿ, ಹುಲ್ಲುಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ ಆದ ಕರಿಮಣ್ಣು ಅದು. ಮೊಳಕೆಯೊಡೆದ ಬಾರ್ಲಿಯನ್ನು ಒಣಗಿಸುವಾಗ ಇದನ್ನು ಉರಿಸಿ ಹೊಗೆ ಹಾಯಿಸುತ್ತಾರೆ. ಹೊಗೆಯಲ್ಲಿನ ಫೀನಾಲುಗಳು ಒದ್ದೆ ಕಾಳಿನ ಸಿಪ್ಪೆಗೆ ಅಂಟಿಕೊಳ್ಳುತ್ತವೆ. ಆರ್ಡ್‌ಬೆಗ್ಗಿನ ಬಾರ್ಲಿಯಲ್ಲಿ ಅವು ಹತ್ತು ಲಕ್ಷಕ್ಕೆ ಸುಮಾರು 55 ಪಾಲು. ಭಟ್ಟಿಯಿಳಿಸುವಾಗ ಒಂದಷ್ಟು ಕಳೆದುಹೋಗುತ್ತದೆ. ಪೀಪಾಯಿಯಲ್ಲಿ ವರ್ಷ ಉರುಳಿದಂತೆ ಉಳಿದದ್ದೂ ಮೆತ್ತಗಾಗುತ್ತದೆ. ಆದುದರಿಂದ ಹೊಗೆಯನ್ನೇ ಬಯಸಿ ಬಂದವನಿಗೆ ಎಳೆಯ ಪ್ರಾಯವೇ ಅನುಕೂಲ.

ಲೋಟವನ್ನು ಮೂಗಿನ ಬಳಿಗೆ ತಂದೆ. ಮೊದಲು ಬಂದದ್ದು ಬಚ್ಚಲೊಲೆಗೆ ಹಸಿ ಸೌದೆ ತುರುಕಿದಾಗ ಏಳುವ ಹೊಗೆ. ಅದರ ಬೆನ್ನಿಗೆ ಡಾಂಬರು, ಟಿಂಕ್ಚರ್ ಅಯೋಡಿನ್. ಆಸ್ಪತ್ರೆಯ ವಾಸನೆಯ ಪಾನೀಯಕ್ಕೆ ಹಣ ತೆರುವವರೂ ಇದ್ದಾರೆಯೇ ಎಂದು ಓದುಗರು ಕೇಳಬಹುದು. ಸ್ವಲ್ಪ ತಾಳಬೇಕು. ನೂರಕ್ಕೆ 47.4 ಪಾಲು ಮದ್ಯಸಾರವಾದ್ದರಿಂದ ಮೊದಲ ಗುಟುಕು ಕರಿಮೆಣಸಿನಂತೆ ನಾಲಿಗೆಯನ್ನು ಚುರುಗುಟ್ಟಿಸಿತು. ಅರ್ಧ ಚಮಚ ನೀರು ಬೆರೆಸಿದ ಮೇಲೆ ಹೊಗೆ ತೆರೆಯಂತೆ ಸರಿದು, ಹಿಂದಿನಿಂದ ನಿಂಬೆಯ ಸಿಪ್ಪೆ, ಪೇರು ಹಣ್ಣು, ಬೂರ್ಬನ್ ಪೀಪಾಯಿ ಕೊಟ್ಟ ವೆನಿಲಾ ಕಾಣಿಸಿಕೊಂಡವು. ನಡುವೆ ಮೈ ತುಸು ತೆಳುವೆಂಬುದು ನಿಜ. ಅಣ್ಣನ ದುಂಡುತನ ಇವನಿಗಿಲ್ಲ. ಆದರೆ ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಬೂದಿಯ ಬಿಸುಪು ಬಹಳ ಹೊತ್ತು ಆರುವುದಿಲ್ಲ.

ಈ ಭಟ್ಟಿಗೆ ಎಳೆಯದನ್ನು ಮಾರುವ ಪಾಠ ಕಷ್ಟ ಕಲಿಸಿದ್ದು. 1815ರಲ್ಲಿ ಆರಂಭವಾದ ಆರ್ಡ್‌ಬೆಗ್ 1981ರಲ್ಲಿ ಬಾಗಿಲು ಹಾಕಿತು. 1989ರ ತರುವಾಯ ಆಗೀಗ ಒಲೆ ಹೊತ್ತಿತಾದರೂ, ನೆಲೆ ಕಂಡದ್ದು 1997ರಲ್ಲಿ ಗ್ಲೆನ್‌ಮೊರಾಂಜಿಯವರು ಕೊಂಡ ಮೇಲೆಯೇ. ಒಲೆ ಆರಿದ ವರ್ಷಗಳ ಹಳೆಯ ವಿಸ್ಕಿ ಯಾವ ಹಣಕ್ಕೂ ದೊರೆಯದು. ಹೊಸದು ಹತ್ತು ವರ್ಷ ತುಂಬುವವರೆಗೆ ಕಾಯುವುದು ಹೇಗೆ? 2004ರಲ್ಲಿ ‘ವೆರಿ ಯಂಗ್’, 2006ರಲ್ಲಿ ‘ಸ್ಟಿಲ್ ಯಂಗ್’, 2007ರಲ್ಲಿ ‘ಆಲ್ಮೋಸ್ಟ್ ದೇರ್’ ಎಂದು, ಬೆಳೆಯುವ ಮಗುವನ್ನು ನೆಂಟರಿಗೆ ತೋರಿಸುವಂತೆ ಒಂದೊಂದಾಗಿ ಹೊರಬಿಟ್ಟರು. ಜನ ಮುನಿಯಲಿಲ್ಲ, ಕೊಂಡು ಕುಡಿದರು.

ವಯಸ್ಸಿನ ಲೆಕ್ಕವೂ ಊರೂರಿಗೆ ಬೇರೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ, ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯಲ್ಲಿ ಹತ್ತಕ್ಕೂ ಮಿಕ್ಕಿ ಹಾರಿಹೋಗುತ್ತದೆ. ಅಲ್ಲಿ ಐದು ವರ್ಷದ್ದು ಆಗಲೇ ಪ್ರೌಢ.

ಇನ್ನು ಪೀಟಿನ ವಯಸ್ಸು. ಆ ಮಣ್ಣು ಬೆಳೆಯುವುದು ವರ್ಷಕ್ಕೆ ಸರಿಸುಮಾರು ಒಂದು ಮಿಲಿಮೀಟರು. ಒಂದು ಮೀಟರು ಆಳಕ್ಕೆ ಕಡಿದರೆ ಸಾವಿರ ವರ್ಷಗಳ ಪಾಚಿ ಗುದ್ದಲಿಗೆ ಬರುತ್ತದೆ. ಪೋರನ ಉಸಿರಿನಲ್ಲಿದ್ದ ಹೊಗೆ ಅದರದು. ರಾತ್ರಿ ತೊಳೆಯದೆ ಬಿಟ್ಟ ಲೋಟದಲ್ಲಿ ಬೆಳಿಗ್ಗೆಯೂ ಅದು ಹಾಗೆಯೇ ಕುಳಿತಿತ್ತು.