ಪರದೇಶದ ಬಂಧನ, ಸ್ವದೇಶದ ನೆರವು

ಬೆಳಗಾವಿ ಜಿಲ್ಲೆಯ ಬೋರಗಾಂವದವರಿಗೆ ಮಹಾರಾಷ್ಟ್ರದ ಸಾಂಗ್ಲಿ ದೂರದ ಊರಲ್ಲ. ನಡುವೆ ರಾಜ್ಯದ ಗಡಿ ಹಾದುಹೋಗಿದ್ದರೂ ಬೀಗತನಕ್ಕೆ, ಸಂತೆಗೆ, ಮಿರಜದ ಆಸ್ಪತ್ರೆಗೆ ಈ ಸೀಮೆಯ ಜನ ಆ ಗಡಿಯನ್ನು ಲೆಕ್ಕಿಸದೆ ಹೋಗಿಬರುತ್ತಾರೆ, ಸಾಂಗ್ಲಿಯನ್ನು ಹಾದ ಕೃಷ್ಣೆಯೇ ಅಥಣಿ-ರಾಯಬಾಗಗಳ ಹೊಲಗಳಿಗೆ ನೀರೀಯುತ್ತಾಳೆ. ಆ ಸಾಂಗ್ಲಿಯಲ್ಲಿ ಜನಿಸಿದ ನೌಕಾಪಡೆಯ ಮಾಜಿ ಅಧಿಕಾರಿ ಕುಲಭೂಷಣ ಜಾಧವರು 2016ರ ಮಾರ್ಚ್ 3ರಂದು ಪಾಕಿಸ್ತಾನದ ವಶಕ್ಕೆ ಸಿಕ್ಕಿದ ತರುವಾಯ, ಪರದೇಶದಲ್ಲಿ ಸೆರೆಯಾದ ಪ್ರಜೆಗೆ ಸ್ವದೇಶದ ಸರಕಾರವು ಯಾವ ಆಧಾರದಿಂದ, ಎಷ್ಟರ ಮಟ್ಟಿಗೆ ನೆರವಾಗಬಲ್ಲದು ಎಂಬ ಪ್ರಶ್ನೆ ನಮ್ಮಲ್ಲಿ ಮನೆಮನೆಯ ಮಾತಾಯಿತು.

ಆ ಆಧಾರವು 1963ರಲ್ಲಿ ವಿಯೆನ್ನಾ ನಗರದಲ್ಲಿ ಅಂಗೀಕೃತವಾದ, 1977ರಲ್ಲಿ ಭಾರತವೂ ಸೇರಿಕೊಂಡ ಕಾನ್ಸುಲರ್ ಸಂಬಂಧಗಳ ಒಪ್ಪಂದದ 36ನೆಯ ವಿಧಿಯಲ್ಲಿದೆ. ತನ್ನ ದೇಶದ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸಿರೆಂದು ಕೇಳುವ ಹಕ್ಕು ಬಂಧಿತನಾದ ವಿದೇಶೀಯನಿಗೆ ಉಂಟೆಂಬುದನ್ನು ಬಂಧಿಸಿದವರೇ ವಿಳಂಬವಿಲ್ಲದೆ ಅವನಿಗೆ ತಿಳಿಸತಕ್ಕದ್ದು. ಅವನು ಕೇಳಿದರೆ ಸುದ್ದಿ ಮುಟ್ಟಿಸತಕ್ಕದ್ದು. ಅಲ್ಲಿಂದ ಬಂದ ಅಧಿಕಾರಿಯು ಸೆರೆಮನೆಯಲ್ಲಿ ಅವನನ್ನು ಕಂಡು ಮಾತನಾಡುವುದಕ್ಕೂ, ವಕೀಲನನ್ನು ಗೊತ್ತುಮಾಡುವುದಕ್ಕೂ ಎಡೆಗೊಡತಕ್ಕದ್ದು.

ಜಾಧವರ ವಿಷಯದಲ್ಲಿ ಇದಾವುದೂ ನಡೆಯಲಿಲ್ಲ. ಬಂಧನದ ವರ್ತಮಾನವು ಭಾರತಕ್ಕೆ ತಲಪಿದ್ದು ಮೂರು ವಾರಗಳ ಮೇಲೆ. 2017ರ ಏಪ್ರಿಲಿನಲ್ಲಿ ಅಲ್ಲಿಯ ಸೈನಿಕ ನ್ಯಾಯಾಲಯವು ಬೇಹುಗಾರಿಕೆಯ ಆರೋಪದ ಮೇಲೆ ಮರಣದಂಡನೆ ವಿಧಿಸುವವರೆಗೂ ನಮ್ಮ ಅಧಿಕಾರಿಯೊಬ್ಬನೂ ಅವರ ಮುಖ ಕಂಡಿರಲಿಲ್ಲ. ಅದೇ ವರ್ಷದ ಡಿಸೆಂಬರ್ 25ರಂದು ತಾಯಿಗೂ ಪತ್ನಿಗೂ ಇಸ್ಲಾಮಾಬಾದಿನಲ್ಲಿ ಭೇಟಿ ದೊರೆತಾಗ ನಡುವೆ ಗಾಜಿನ ತಡೆಯಿತ್ತು. ಪತ್ನಿಯ ಮಂಗಳಸೂತ್ರ, ಬಳೆ, ಕುಂಕುಮಗಳನ್ನು ಮೊದಲೇ ತೆಗೆಸಿದ್ದರು. ತಾಯಿ ಮಗನೊಡನೆ ಮರಾಠಿಯಲ್ಲಿ ಮಾತೆತ್ತಿದಾಗಲೆಲ್ಲ ಅಡ್ಡಿಪಡಿಸಿದರೆಂದು ನಮ್ಮ ವಿದೇಶಾಂಗ ಸಚಿವಾಲಯವು ಮರುದಿನ ಪ್ರಕಟಿಸಿತು. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆಯಾಡಿ ಬಾಳುವ ಈ ಗಡಿನಾಡಿನವರಿಗೆ ಆ ತಾಯಿಯ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರತವು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮೊರೆಹೊಕ್ಕಿತು. ಭಾರತದ ಪರ ವಕೀಲ ಹರೀಶ್ ಸಾಳ್ವೆಯವರು ವಾದಿಸಿದ ಆ ಮೊಕದ್ದಮೆಯಲ್ಲಿ 2019ರ ಜುಲೈ 17ರಂದು ಹದಿನಾರು ನ್ಯಾಯಾಧೀಶರ ಪೈಕಿ ಹದಿನೈದು ಮಂದಿ, ಪಾಕಿಸ್ತಾನವು 36ನೆಯ ವಿಧಿಯನ್ನು ಉಲ್ಲಂಘಿಸಿದೆಯೆಂದೂ, ಬೇಹುಗಾರಿಕೆಯ ಆರೋಪವುಳ್ಳವನಿಗೂ ಈ ಹಕ್ಕು ತಪ್ಪತಕ್ಕದ್ದಲ್ಲವೆಂದೂ ನಿರ್ಣಯಿಸಿದರು. ಅವರು ಆಜ್ಞಾಪಿಸಿದ್ದು ಬಿಡುಗಡೆಯನ್ನಲ್ಲ, ತೀರ್ಪಿನ ಪುನರ್ವಿಮರ್ಶೆಯನ್ನು. ಸೆಪ್ಟೆಂಬರ್ 2ರಂದು ಭಾರತದ ಅಧಿಕಾರಿಯೊಬ್ಬರು ಮೊದಲ ಬಾರಿಗೆ ಜಾಧವರನ್ನು ಕಂಡರು.

ಈ ನೆರವಿನ ಮಿತಿಯನ್ನೂ ಅರಿತಿರಬೇಕು. ರಾಯಭಾರ ಕಚೇರಿಯವರು ಪರದೇಶದ ನ್ಯಾಯಾಧೀಶನಿಗೆ ಅಪ್ಪಣೆ ಕೊಡಲಾರರು, ಸೆರೆಮನೆಯ ಬೀಗ ತೆಗೆಸಲಾರರು. ಆದರೆ ಅವರ ಮೂಲಕ ಸತ್ಯವನ್ನು ಅಲ್ಲಿಗೆ ಮುಟ್ಟಿಸಬಹುದು. ಕುಂದಾಪುರದ ಕಡೆಯ ಕಾರ್ಮಿಕರೊಬ್ಬರು 2019ರ ಡಿಸೆಂಬರಿನಲ್ಲಿ ಫೇಸ್‌ಬುಕ್ ಬರಹವೊಂದರ ದೆಸೆಯಿಂದ ಸೌದಿ ಅರೇಬಿಯಾದಲ್ಲಿ ಸೆರೆಯಾದರು. ಅವರ ಪತ್ನಿ ಉಡುಪಿಯ ಪೊಲೀಸರಿಗೆ ದೂರಿತ್ತರು. ಆ ಖಾತೆಯನ್ನು ಅವರ ಹೆಸರಿನಲ್ಲಿ ಬೇರೆಯವರು ತೆರೆದಿದ್ದರೆಂದು ತನಿಖೆಯಲ್ಲಿ ಹೊರಬಿದ್ದು, ಆ ಕಾಗದಪತ್ರಗಳು ರಾಯಭಾರ ಕಚೇರಿಯ ಹಾದಿಯಿಂದ ಸೌದಿಗೆ ತಲಪಿದುವು. 2021ರ ಆಗಸ್ಟಿನಲ್ಲಿ ಅವರು ಬೆಂಗಳೂರಿಗೆ ಬಂದಿಳಿದರು. ಇಲ್ಲಿಯ ಒಂದು ಠಾಣೆಯ ಶ್ರದ್ಧೆ ಅಲ್ಲಿಯ ಸೆರೆಯಾಳಿಗೆ ಜೀವದಾನವಾದ ಈ ಪ್ರಸಂಗವನ್ನು ಜಾಧವರ ಮೊಕದ್ದಮೆಗಿಂತ ಕಡಮೆಯದೆಂದು ನಾನು ಎಣಿಸುವುದಿಲ್ಲ.

ಪರದೇಶಗಳ ಕಾರಾಗೃಹಗಳಲ್ಲಿ ಇಂದು 10,000ಕ್ಕೂ ಮಿಕ್ಕ ಭಾರತೀಯರಿದ್ದಾರೆ. ಅವರಲ್ಲಿ ಬಹುಮಂದಿ ಇರುವುದು ಕೊಲ್ಲಿಯ ನಾಡುಗಳಲ್ಲಿ. ಸೆರೆಯಾಳು ಸಮ್ಮತಿಸದೆ ಅವನ ವಿವರವನ್ನು ಹೊರಗೆಡಹಕೂಡದೆಂಬ ಕಾನೂನು ಎಷ್ಟೋ ದೇಶಗಳಲ್ಲಿರುವುದರಿಂದ, ಬಂಧಿತನು ತಾನೇ ಬಾಯಿಬಿಟ್ಟು, ಭಾರತದ ರಾಯಭಾರ ಕಚೇರಿಗೆ ತಿಳಿಸಿರೆಂದು ಕೇಳದಿದ್ದರೆ ಅವನ ಹೆಸರು ಕೂಡ ನಮ್ಮವರಿಗೆ ಗೊತ್ತಾಗದೆ ಹೋಗಬಹುದು. ಚಿಕ್ಕೋಡಿ-ನಿಪ್ಪಾಣಿಯ ಕಡೆಯಿಂದ ದುಬೈಗೋ ರಿಯಾಧಿಗೋ ಹೊರಟ ಹುಡುಗನಿಗೆ ಈ ಒಂದು ವಾಕ್ಯವನ್ನು ವಿಮಾನ ಹತ್ತುವ ಮೊದಲೇ ಕಲಿಸಿಡಬೇಕು. ಪಾಸ್‌ಪೋರ್ಟಿನ ಪ್ರತಿ, ಕೆಲಸಕ್ಕಿಟ್ಟುಕೊಂಡವನ ಹೆಸರು ಮತ್ತು ವಿಳಾಸ ಊರ ಮನೆಯಲ್ಲಿರಲಿ. ಸುದ್ದಿ ನಿಂತುಹೋದರೆ ಮನೆಯವರು ದಲಾಲನ ಬಾಗಿಲು ಕಾಯದೆ, 2015ರಲ್ಲಿ ವಿದೇಶಾಂಗ ಸಚಿವಾಲಯವು ತೆರೆದ ‘ಮದದ್’ ವ್ಯವಸ್ಥೆಯಲ್ಲಿ ನೇರವಾಗಿ ದೂರು ದಾಖಲಿಸಬಹುದು. ಕೈಯಲ್ಲಿ ಹಣವಿಲ್ಲದವನಿಗೆ ವಕೀಲನ ಖರ್ಚನ್ನು, ಅರ್ಹತೆ ಕಂಡುಬಂದಲ್ಲಿ, 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ರಾಯಭಾರ ಕಚೇರಿಯೇ ಭರಿಸುವುದುಂಟು.