ವಿಧಾನಸಭೆಯ ಉತ್ತರ ಓದೋದು ಹೇಗೆ? ಗುಬ್ಬಿ, ಕುಣಿಗಲ್ ಕಡೆಯ ರೈತರಿಗೊಂದಿಷ್ಟು ಮಾಹಿತಿ

ಈ ವಾರ ಗೊಬ್ಬರ, ಕೀಟ, ಸುಳಿಕೊಳೆ ಎಲ್ಲ ಬದಿಗಿಡೋಣ. ವಿಧಾನಸಭೆಯ ವಿಷಯ ಮಾತಾಡೋಣ. ಟಿವಿಯಲ್ಲಿ ನಮಗೆ ಕಾಣೋದು ಧರಣಿ, ಕೂಗಾಟ, ಸಭಾತ್ಯಾಗ. ಅದೇ ಸದನದಲ್ಲಿ ಸದ್ದಿಲ್ಲದೆ ನಡೆಯುವ ಇನ್ನೊಂದು ಕೆಲಸ ಇದೆ: ಶಾಸಕರು ಪ್ರಶ್ನೆ ಹಾಕೋದು, ಇಲಾಖೆ ಲಿಖಿತ ಉತ್ತರ ಕೊಡೋದು, ನಿಗಮಗಳ ವರದಿ ಮಂಡನೆಯಾಗೋದು. ಹನಿ ನೀರಾವರಿ ಸಹಾಯಧನ ಎಲ್ಲಿ ನಿಂತಿದೆ, ಹೇಮಾವತಿ ನೀರು ನಮ್ಮ ಕಡೆಗೆ ನಿಜಕ್ಕೂ ಎಷ್ಟು ಬಂತು ಅಂತ ಕಚೇರಿ ಅಲೆಯುವ ನಮ್ಮ ಜನ ಈ ದಾರಿ ಹಿಡಿಯೋದು ತುಂಬಾ ಕಡಿಮೆ.

ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ 224, ವಿಧಾನ ಪರಿಷತ್ತಿಗೆ 75 ಸದಸ್ಯರು. ಸಚಿವರಲ್ಲದ ಯಾವ ಸದಸ್ಯರು ಬೇಕಾದರೂ ಪ್ರಶ್ನೆ ಹಾಕಬಹುದು. ಆ ಪ್ರಶ್ನೆ ವಿಧಾನಸೌಧದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಲಾಲ್‌ಬಾಗಿನ ತೋಟಗಾರಿಕೆ ನಿರ್ದೇಶನಾಲಯಕ್ಕೆ, ಆಮೇಲೆ ತುಮಕೂರಿನ ಉಪನಿರ್ದೇಶಕರಿಗೆ, ಕೊನೆಗೆ ಗುಬ್ಬಿ ಅಥವಾ ಕುಣಿಗಲ್ಲಿನ ತಾಲ್ಲೂಕು ಕಚೇರಿಗೆ ಇಳಿದು ಬರುತ್ತೆ. ಕಚೇರಿ ಭಾಷೆಯಲ್ಲಿ ವಿಧಾನಸಭೆಯದು ಎಲ್‌ಎಕ್ಯೂ, ಪರಿಷತ್ತಿನದು ಎಲ್‌ಸಿಕ್ಯೂ. ತೋಟಗಾರಿಕೆ ಓದಿದ ನನ್ನ ಜೊತೆಯವರು ಕೆಲವರು ಇಲಾಖೆಯಲ್ಲಿದ್ದಾರೆ. ಅಧಿವೇಶನದ ಹೊತ್ತಲ್ಲಿ ಫೋನ್ ಮಾಡಿದರೆ ಒಂದೇ ಮಾತು: "ಎಲ್‌ಎಕ್ಯೂ ಬಂದಿದೆ ಕಣೋ, ಆಮೇಲೆ ಮಾಡ್ತೀನಿ." ನಮ್ಮ ಅರ್ಜಿ ತಿಂಗಳುಗಟ್ಟಲೆ ಕಾಯುತ್ತೆ, ಎಲ್‌ಎಕ್ಯೂ ಕಾಯೋದಿಲ್ಲ. ಉತ್ತರದ ಕೆಳಗೆ ಸಚಿವರ ಸಹಿ ಬೀಳುತ್ತೆ, ಅಂಕಿ ತಪ್ಪಾದರೆ ಸದನಕ್ಕೆ ಜವಾಬು ಕೊಡಬೇಕಾಗುತ್ತೆ ಅನ್ನೋ ಭಯ ಮೇಲಿಂದ ಕೆಳಗಿನ ತನಕ ಇರುತ್ತೆ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಲ್ಲಿ ಉತ್ತರಿಸುತ್ತಾರೆ, ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಪೇಪರಿನಲ್ಲಿ ಬರೋದು ಮೊದಲನೆಯದು. ರೈತನಿಗೆ ಉಪಯೋಗ ಎರಡನೆಯದೇ ಅಂತ ನನ್ನ ಅನಿಸಿಕೆ. ಸದ್ದು ಇರೋದಿಲ್ಲ, ಆದರೆ ಹಿಂದೆ ಅನುಬಂಧ ಅಂತ ಪಟ್ಟಿ ಲಗತ್ತಿಸಿರುತ್ತಾರೆ. ತಾಲ್ಲೂಕುವಾರು, ಕೆಲವೊಮ್ಮೆ ಗ್ರಾಮವಾರು ಲೆಕ್ಕ ಸಿಗೋದು ಅಲ್ಲೇ. ವಿಧಾನ ಮಂಡಲದ ಜಾಲತಾಣದಲ್ಲಿ ಈ ಉತ್ತರಗಳು ಕನ್ನಡದಲ್ಲೇ ಇರುತ್ತವೆ, ಮೊಬೈಲಲ್ಲೇ ಇಳಿಸಿಕೊಳ್ಳಬಹುದು.

ಉತ್ತರದ ಹಾಳೆ ತೆರೆದರೆ ಮೇಲೆ ಸದಸ್ಯರ ಹೆಸರು, ಪ್ರಶ್ನೆ ಸಂಖ್ಯೆ, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು (ಅ), (ಆ), (ಇ) ಅಂತ ಒಡೆದಿರುತ್ತಾರೆ. ಇಲ್ಲೇ ಒಂದು ಗುಂಡಿ ಇದೆ. ಹೆಚ್ಚಿನ ಪ್ರಶ್ನೆಗಳು ಶುರುವಾಗೋದು "ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ. ಉತ್ತರ: "ಬಂದಿರುವುದಿಲ್ಲ." ಮುಂದಿನದು "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಅದಕ್ಕೆ ಉತ್ತರ: "ಉದ್ಭವಿಸುವುದಿಲ್ಲ." ಅಲ್ಲಿಗೆ ಪ್ರಶ್ನೆಯೂ ಮುಗೀತು, ಅಧಿವೇಶನವೂ ಮುಗೀತು.

ಆದ್ದರಿಂದ ಶಾಸಕರಿಗೆ ನೀವು ಬರೆದುಕೊಡುವ ಪ್ರಶ್ನೆ 'ಎಷ್ಟು' ಅಂತ ಶುರುವಾಗಲಿ. "ಗುಬ್ಬಿ ತಾಲ್ಲೂಕಿನಲ್ಲಿ ಹನಿ ನೀರಾವರಿ ಸಹಾಯಧನ ಬಾಕಿ ಇರುವುದು ಗಮನಕ್ಕೆ ಬಂದಿದೆಯೇ" ಅಂತ ಬೇಡ. ಕಳೆದ ಮೂರು ವರ್ಷಗಳಲ್ಲಿ ಹೋಬಳಿವಾರು ಬಂದ ಅರ್ಜಿ ಎಷ್ಟು, ಕಾರ್ಯಾದೇಶ ಕೊಟ್ಟಿದ್ದು ಎಷ್ಟು, ಹಣ ಪಾವತಿಯಾಗಿದ್ದು ಎಷ್ಟು, ಕಾರ್ಯಾದೇಶ ಕೊಟ್ಟೂ ಪಾವತಿಯಾಗದೆ ಉಳಿದಿದ್ದು ಎಷ್ಟು, ಯಾವ ತಿಂಗಳಿಂದ. ಇಷ್ಟು ಕೇಳಿ. ಇದಕ್ಕೆ "ಉದ್ಭವಿಸುವುದಿಲ್ಲ" ಅಂತ ಬರೆಯೋಕೆ ಬರೋದಿಲ್ಲ. ಒಂದು ಪ್ರಶ್ನೆಯಲ್ಲಿ ಒಂದೇ ಇಲಾಖೆ ಇರಲಿ. ಕೋರ್ಟಿನಲ್ಲಿರುವ ವಿಷಯ, ಬರೀ ಅಭಿಪ್ರಾಯ ಕೇಳುವ ಪ್ರಶ್ನೆ ಕೊಟ್ಟರೆ ಸಚಿವಾಲಯದಲ್ಲೇ ತಿರಸ್ಕಾರ ಆಗಬಹುದು.

"ಪರಿಶೀಲನೆಯಲ್ಲಿದೆ", "ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ಕೈಗೊಳ್ಳಲಾಗುವುದು": ಈ ಎರಡು ಸಾಲು ಕಂಡರೆ ದುಡ್ಡು ಇನ್ನೂ ಇಲ್ಲ ಅಂತಲೇ ಓದಿಕೊಳ್ಳಿ, ಅದನ್ನು ನಂಬಿ ಪೈಪಿಗೆ ಸಾಲ ಮಾಡಬೇಡಿ. ಆದರೆ ಸಚಿವರು ಸದನದಲ್ಲಿ "ಮಾಡಿಕೊಡುತ್ತೇವೆ" ಅಂದಿದ್ದರೆ ಅದು ಭರವಸೆ. ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ, ಕೊಟ್ಟ ಮಾತು ಏನಾಯ್ತು ಅಂತ ಇಲಾಖೆಯನ್ನು ಕರೆಸಿ ಕೇಳೋದೇ ಅದರ ಕೆಲಸ. ಉತ್ತರದ ಸಂಖ್ಯೆ, ದಿನಾಂಕ ಬರೆದಿಟ್ಟುಕೊಂಡು ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಕೇಳಿಸಬಹುದು.

ಈಗ ನಮ್ಮ ಜಿಲ್ಲೆಯ ದೊಡ್ಡ ಜಗಳಕ್ಕೆ ಬರೋಣ. ಗೊರೂರಿನ ಹೇಮಾವತಿ ಜಲಾಶಯದಿಂದ ತುಮಕೂರು ನಾಲೆಯಲ್ಲಿ ನೀರು ಬರುತ್ತೆ. ಕುಣಿಗಲ್ ಕೊನೆಯ ಭಾಗ. ತಮ್ಮ ಪಾಲಿನ ನೀರು ಹಳೆ ನಾಲೆಯಲ್ಲಿ ತಮ್ಮವರೆಗೆ ತಲುಪೋದೇ ಇಲ್ಲ ಅನ್ನೋದು ಅಲ್ಲಿನ ರೈತರ ದೂರು. ಅದಕ್ಕೇ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ನಾಲೆಯ ಸುಮಾರು 70ನೇ ಕಿಲೋಮೀಟರಿನಲ್ಲಿ, ಗುಬ್ಬಿ ತಾಲ್ಲೂಕಿನಲ್ಲೇ ಪೈಪ್‌ಲೈನ್ ತೆಗೆದು ನೇರ ಕುಣಿಗಲ್ ಕಡೆಗೆ ಒಯ್ಯುವ ಯೋಜನೆ. ಮೇಲಿನಿಂದಲೇ ನೀರು ಎತ್ತಿಕೊಂಡರೆ ನಮ್ಮ ಕೆರೆಗಳ ಗತಿ ಏನು ಅಂತ ಗುಬ್ಬಿ, ತುಮಕೂರು ಕಡೆಯವರ ಪ್ರಶ್ನೆ. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಹತ್ತಿರ ಕಾಮಗಾರಿ ವಿರುದ್ಧ ನಡೆದ ದೊಡ್ಡ ಪ್ರತಿಭಟನೆ ಎಲ್ಲರಿಗೂ ನೆನಪಿರುತ್ತೆ.

ಎರಡೂ ಕಡೆ ನನಗೆ ಪರಿಚಯದ ಬೆಳೆಗಾರರಿದ್ದಾರೆ. ಇಬ್ಬರ ಹತ್ತಿರವೂ ಕೋಪ ಇದೆ, ಗೇಜ್ ಲೆಕ್ಕ ಇಲ್ಲ. ಸದನದ ಮೂಲಕ ತೆಗೆಸಬೇಕಾಗಿರೋದು ಅದನ್ನೇ. ಹೋದ ಐದು ವರ್ಷಗಳಲ್ಲಿ ತಿಂಗಳುವಾರು, ನಾಲೆಯ ಆರಂಭದಲ್ಲಿ ಎಷ್ಟು ಕ್ಯೂಸೆಕ್ ಎಷ್ಟು ದಿನ ಹರಿಯಿತು, ಗುಬ್ಬಿ ತಾಲ್ಲೂಕಿನ ಗಡಿಯಲ್ಲಿ ಎಷ್ಟು, ಕುಣಿಗಲ್ ಗಡಿಯಲ್ಲಿ ಎಷ್ಟು, ನಡುವೆ ಕೆರೆಗಳಿಗೆ ಬಿಟ್ಟಿದ್ದು ಎಷ್ಟು. ಬರೀ "ಇಷ್ಟು ಟಿಎಂಸಿ ಹಂಚಿಕೆಯಾಗಿದೆ" ಅಂತ ಉತ್ತರ ಬಂದರೆ ಒಪ್ಪಬೇಡಿ. ಹಂಚಿಕೆ ಕಾಗದದ ಮೇಲಿನ ಮಾತು, ಹರಿದಿದ್ದು ಬೇರೆ.

ಲೆಕ್ಕ ನಾವೇ ಹಾಕಿ ನೋಡಬಹುದು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಘನ ಅಡಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಹಾಗಾಗಿ 1,000 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ತುಂಬೋಕೆ ಸುಮಾರು ಹನ್ನೊಂದೂವರೆ ದಿನ ಬೇಕು. ಒಂದು ಕಡೆ ತಿಂಗಳಿಡೀ 100 ಕ್ಯೂಸೆಕ್ ಹರಿದಿದೆ ಅಂದರೆ ಬಂದಿದ್ದು ಕಾಲು ಟಿಎಂಸಿಗಿಂತ ಚೂರು ಜಾಸ್ತಿ, ಅಷ್ಟೇ. ಭಾಷಣದಲ್ಲಿ ಕೇಳಿದ ಟಿಎಂಸಿಯನ್ನು, ನಾಲೆಯಲ್ಲಿ ಕಣ್ಣಾರೆ ನೋಡಿದ ದಿನಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಕೂಡಿ ಬರೋದಿಲ್ಲ ಅಂತ ತಿಳಿಯುತ್ತೆ.

ಈ ನಾಲೆ ನೋಡಿಕೊಳ್ಳೋದು ಕಾವೇರಿ ನೀರಾವರಿ ನಿಗಮ. ಅದು ಸರ್ಕಾರಿ ಕಂಪನಿ. 2013ರ ಕಂಪನಿ ಕಾಯ್ದೆ ಪ್ರಕಾರ ಅದರ ವಾರ್ಷಿಕ ವರದಿ, ಲೆಕ್ಕಪರಿಶೋಧನೆಯ ಟಿಪ್ಪಣಿ ಸಮೇತ, ವಿಧಾನ ಮಂಡಲದ ಮುಂದೆ ಬರಬೇಕು. ಮಹಾಲೇಖಪಾಲರ ವರದಿಗಳೂ ಸದನಕ್ಕೆ ಬಂದು ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಸಾರ್ವಜನಿಕ ಉದ್ಯಮಗಳ ಸಮಿತಿಗೆ ಹೋಗುತ್ತವೆ. ಇವನ್ನೆಲ್ಲ ಪೂರ್ತಿ ಓದೋ ತಾಳ್ಮೆ ಯಾರಿಗೂ ಇರೋದಿಲ್ಲ. ವರದಿ ಯಾವ ವರ್ಷದ್ದು ಅಂತ ಮಾತ್ರ ಮೊದಲು ನೋಡಿ. ಬಜೆಟ್ ಪುಸ್ತಕದಲ್ಲೂ ಅಷ್ಟೇ: 2025ರ ಮಾರ್ಚ್ 7ರಂದು ಮಂಡನೆಯಾದ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ನಮಗೆ ಬೇಕಾಗಿರೋದು ಆ ಗಾತ್ರ ಅಲ್ಲ. ತೋಟಗಾರಿಕೆ ಬೇಡಿಕೆಯಲ್ಲಿ 'ಲೆಕ್ಕ', 'ಬಜೆಟ್ ಅಂದಾಜು', 'ಪರಿಷ್ಕೃತ ಅಂದಾಜು' ಅಂತ ಕಾಲಂಗಳಿರುತ್ತವೆ. 'ಲೆಕ್ಕ' ನಿಜವಾಗಿ ಖರ್ಚಾಗಿದ್ದು, ಎರಡು ವರ್ಷ ಹಿಂದಿನದು. ಅಂದಾಜು ದೊಡ್ಡದಿದ್ದು ಪರಿಷ್ಕೃತ ಅಂದಾಜು ಕುಗ್ಗಿದ್ದರೆ ನಿಮ್ಮ ಬಾಕಿಯ ಕಾರಣ ಬಹುಶಃ ಅಲ್ಲೇ ಇದೆ.

ಇನ್ನೊಂದು ವಿಷಯ ನಾವು ಮರೆಯೋದು. ಎಷ್ಟು ಹೆಕ್ಟೇರ್ ತೆಂಗು, ಎಷ್ಟು ಅಡಿಕೆ ಅಂತ ಸದನಕ್ಕೆ ಹೋಗುವ ಅಂಕಿಗಳ ಬೇರು ಬೆಳೆ ಸಮೀಕ್ಷೆಯಲ್ಲಿರುತ್ತೆ. ತೆಂಗಿನ ಸಾಲುಗಳ ನಡುವೆ ಅಡಿಕೆ ಇಟ್ಟ ತೋಟವನ್ನು ಸಮೀಕ್ಷೆಗೆ ಬಂದ ಹುಡುಗ ಬರೀ ತೆಂಗು ಅಂತ ಬರೆದುಕೊಂಡು ಹೋದರೆ, ಬೆಳೆ ವಿಮೆಗೂ ತೊಂದರೆ, ಅಡಿಕೆ ರೋಗದ ಬಗ್ಗೆ ಪ್ರಶ್ನೆ ಬಂದಾಗ ಅಂಕಿಯಲ್ಲಿ ನಿಮ್ಮ ತೋಟವೂ ಇರೋದಿಲ್ಲ. 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ.

ಪ್ರಶ್ನೆ ಯಾರಿಗೆ ಕೊಡಬೇಕು? ಜಿಲ್ಲೆಯಲ್ಲಿ 11 ವಿಧಾನಸಭಾ ಕ್ಷೇತ್ರ. ತಾಲ್ಲೂಕು ಒಂದು, ಕ್ಷೇತ್ರ ಇನ್ನೊಂದು ಇರಬಹುದು. ಸಿ.ಎಸ್. ಪುರದವರು ಗುಬ್ಬಿ ತಾಲ್ಲೂಕಾದರೂ ಮತ ಹಾಕೋದು ತುರುವೇಕೆರೆ ಕ್ಷೇತ್ರಕ್ಕೆ. ನಿಮ್ಮ ಶಾಸಕರು ಸಚಿವರಾಗಿದ್ದರೆ ಅವರು ಪ್ರಶ್ನೆ ಹಾಕೋದಿಲ್ಲ, ಆಗ ಪರಿಷತ್ ಸದಸ್ಯರನ್ನು ಹಿಡಿಯಿರಿ. ಅಧಿವೇಶನ ಶುರುವಾದ ಮೇಲೆ ಹೋದರೆ ತಡ. ಬಜೆಟ್ ಅಧಿವೇಶನಕ್ಕೆ ಜನವರಿಯಲ್ಲೇ, ಬೆಳಗಾವಿ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯೋದರಿಂದ ಅದಕ್ಕೆ ದೀಪಾವಳಿ ಮುಗಿದ ಕೂಡಲೇ, ಶಾಸಕರ ಆಪ್ತ ಸಹಾಯಕರ ಕೈಗೆ ಒಂದೇ ಹಾಳೆಯಲ್ಲಿ ಕೊಟ್ಟು ಬನ್ನಿ. ಅಷ್ಟರಲ್ಲಿ ಸಣ್ಣಪುಟ್ಟ ಮಾಹಿತಿ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.